ಬೋರ್ಡೋ ಡ್ರಮ್ಮಿನಲ್ಲಿ ಅನುಪಾತದ ಲೆಕ್ಕ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಡಿಕೆ ತೋಟ ಇರುವ ಮನೆಯಲ್ಲಿ ಮಳೆ ಹಿಡಿಯುವ ಮೊದಲು ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಔಷಧಿಯ ತಯಾರಿ ನಡೆಯುತ್ತದೆ. ಶೇ. 1ರ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ (ತಾಮ್ರದ ಸಲ್ಫೇಟ್) 1 ಕೆ.ಜಿ., ಸುಣ್ಣ 1 ಕೆ.ಜಿ., ನೀರು 100 ಲೀಟರ್. ಮಕ್ಕಳಿಗೆ ಅನುಪಾತ ಹೇಳಿಕೊಡಲು ನಮ್ಮ ಕಡೆ ಇದಕ್ಕಿಂತ ಒಳ್ಳೆಯ ಲೆಕ್ಕ ಇಲ್ಲ. ತಪ್ಪಿದರೆ ಮರದ ಮೇಲೇ ಕಾಣುತ್ತದೆ.

200 ಲೀಟರ್ ಡ್ರಮ್ಮಿಗೆ ತಲಾ 2 ಕೆ.ಜಿ. ಎಂದು ಎಲ್ಲರೂ ಹೇಳುತ್ತಾರೆ. ಕೊನೆಯಲ್ಲಿ 130 ಲೀಟರ್ ಮಾತ್ರ ಬೇಕಾದಾಗ ಅಂದಾಜು ಶುರುವಾಗುತ್ತದೆ. ಆಗ ತ್ರೈರಾಶಿಕ ಹಾಕಿ. 100 ಲೀಟರಿಗೆ 1000 ಗ್ರಾಂ ಆದರೆ 130ಕ್ಕೆ? 1000 × 130 ÷ 100 = 1300 ಗ್ರಾಂ. 16 ಲೀಟರಿನ ಸ್ಪ್ರೇಯರ್‌ಗಾದರೆ 160 ಗ್ರಾಂ. ಕೆ.ಜಿ.ಯನ್ನು ಮೊದಲೇ ಗ್ರಾಂ ಮಾಡಿಕೊಂಡರೆ ದಶಮಾಂಶದ ಚುಕ್ಕೆ ಜಾರುವುದಿಲ್ಲ.

ಹೆಚ್ಚಿನವರು ಎಡವುವುದು ಗುಣಿಸುವ ಕಡೆ ಕೂಡುವುದರಲ್ಲಿ. ಗಾಳಿಗೆ ತೆರೆದಿಟ್ಟ ಹಳೇ ಸುಣ್ಣದ ಶಕ್ತಿ ಇಳಿದಿರುತ್ತದೆ. ಅಂಥ ಸುಣ್ಣದಲ್ಲಿ 2 ಕೆ.ಜಿ. ತುತ್ತಕ್ಕೆ 3 ಕೆ.ಜಿ. ಬೇಕಾಯಿತು ಎನ್ನಿ. 4 ಕೆ.ಜಿ. ತುತ್ತಕ್ಕೆ ಎಷ್ಟು? "ಸುಣ್ಣ ಒಂದು ಕೆ.ಜಿ. ಜಾಸ್ತಿ ಇರಬೇಕು, ಹಾಗಾಗಿ 5" ಎಂಬ ಉತ್ತರ ಬರುತ್ತದೆ. ವ್ಯತ್ಯಾಸ ಅಷ್ಟೇ ಉಳಿದಿದೆ, ಅನುಪಾತ ಉಳಿದಿಲ್ಲ. 2:3 = 4:6. ಅಂತ್ಯಪದಗಳ (2, 6) ಗುಣಲಬ್ಧ 12, ಮಧ್ಯಪದಗಳದ್ದೂ (3, 4) 12. 5 ಹಾಕಿದರೆ ಒಂದು ಕಡೆ 10, ಇನ್ನೊಂದು ಕಡೆ 12, ಹೊಂದುವುದಿಲ್ಲ. ಆ ಒಂದು ಕೆ.ಜಿ. ಕೊರತೆಯಿಂದ ದ್ರಾವಣದಲ್ಲಿ ತಾಮ್ರ ಹಾಗೇ ಉಳಿದು ಎಳೆಯ ಕಾಯಿ, ಸೋಗೆ ಸುಡುತ್ತದೆ.

ಹಾಗಾಗಿ ಲೆಕ್ಕ ಸರಿಯಿದ್ದರೂ ಪರೀಕ್ಷೆ ಬಿಡಬೇಡಿ. 100 ಲೀಟರ್ ದ್ರಾವಣಕ್ಕಾದರೆ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ತುತ್ತವನ್ನು 50 ಲೀಟರಿನಲ್ಲಿ, ಸುಣ್ಣವನ್ನು ಇನ್ನು 50 ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಕದಡುತ್ತಾ ಸುರಿಯಿರಿ. ಉಜ್ಜಿ ಹೊಳಪಿಸಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿಗೆ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಬೇಕು. ಹತ್ತದಿದ್ದರೆ ಅದೇ ದಿನ ಹೊಡೆದು ಮುಗಿಸಿ.

ನೀರಿನ ಅಳತೆಯನ್ನೂ ಹಗುರವಾಗಿ ಕಾಣಬಾರದು. 2 ಕೆ.ಜಿ. ತುತ್ತ ಹಾಕಿ ಡ್ರಮ್ಮನ್ನು 180 ಲೀಟರಿಗೇ ನಿಲ್ಲಿಸಿದರೆ ಅದು ಶೇ. 1 ಅಲ್ಲ, ಸುಮಾರು ಶೇ. 1.1. ಡ್ರಮ್ಮಿನ ಹೊರಗೆ 50, 100, 150 ಎಂದು ಬಣ್ಣದ ಗೆರೆ ಹಾಕಿಡಿ.

ಆಳು-ದಿನದ ಲೆಕ್ಕ ಮಾತ್ರ ತಿರುಗುಮುರುಗು. 4 ಕೊನೆಗಾರರು (ಅಡಿಕೆ ಮರ ಹತ್ತಿ ಔಷಧಿ ಹೊಡೆಯುವವರು) 6 ದಿನದಲ್ಲಿ ಮುಗಿಸುವ ತೋಟವನ್ನು 6 ಜನ 9 ದಿನ ಹೊಡೆಯುವುದಿಲ್ಲ. ಇದು ವಿಲೋಮ ಅನುಪಾತ: 4 × 6 = 24, 24 ÷ 6 = 4 ದಿನ. ಒಂದು ಏರಿದರೆ ಇನ್ನೊಂದು ಏರುತ್ತದೋ ಇಳಿಯುತ್ತದೋ ಎಂದು ಮೊದಲೇ ನೋಡಿಕೊಳ್ಳಿ. ಎಲ್ಲರ ಕೈಗೂ ಪಂಪು ಸಿಕ್ಕರೆ ಮಾತ್ರ ಈ ಲೆಕ್ಕ ನಡೆಯುತ್ತದೆ. ಪಂಪು ನಾಲ್ಕೇ ಇದ್ದರೆ ಆರು ಜನ ಬಂದರೂ ಕೆಲಸ ನಾಲ್ಕು ಪಂಪಿನಷ್ಟೇ.