ಛೇದದಲ್ಲಿ ರೂಟ್ ಇದ್ದರೆ ತಪ್ಪೇನು?

ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಲೆಕ್ಕ ಹೇಳಿಕೊಡಲು ಕೂತರೆ ಈ ಪ್ರಶ್ನೆ ಬಂದೇ ಬರುತ್ತದೆ. 1/√2 ಅಂತ ಬರೆದರೆ ಸರಿ ತಾನೇ, ಅದನ್ನು ಮತ್ತೆ √2/2 ಯಾಕೆ ಮಾಡಬೇಕು?

ಸರಿಯೇ. ಎರಡೂ ಒಂದೇ ಸಂಖ್ಯೆ. ತಮಾಷೆ ಅಂದರೆ, ಛೇದವನ್ನು ಅಕರಣೀಕರಿಸಿ (ಅಂದರೆ ಕೆಳಗಿನ ರೂಟ್ ತೆಗೆದುಹಾಕಿ) ಅಂತ ಈ ವರ್ಷ ಪಟ್ಟು ಹಿಡಿಯುವ ಪಠ್ಯಪುಸ್ತಕವೇ ಮುಂದಿನ ವರ್ಷ ತ್ರಿಕೋನಮಿತಿ ಕೋಷ್ಟಕದಲ್ಲಿ ಸೈನ್ 45° ಮುಂದೆ 1/√2 ಅಂತಲೇ ಬರೆದಿರುತ್ತದೆ!

ಕ್ಯಾಲ್ಕುಲೇಟರ್ ಪಕ್ಕಕ್ಕಿಟ್ಟು ನೋಡಿ. 1 ಅನ್ನು 1.41421356ರಿಂದ ಕೈಯಲ್ಲೇ ಭಾಗಿಸಬೇಕು ಅಂದರೆ ಬೆವರು ಬರುತ್ತದೆ. ಮೇಲೆ ಕೆಳಗೆ √2ರಿಂದ ಗುಣಿಸಿಕೊಂಡರೆ ಅದೇ ಲೆಕ್ಕ 1.41421356ರ ಅರ್ಧ ಆಗುತ್ತದೆ. 0.70710678, ಬಾಯಲ್ಲೇ ಹೇಳಬಹುದು.

ರೂಟ್ ಒಳಗಿನ ಪೂರ್ಣ ವರ್ಗವನ್ನು ಹೊರಗೆ ತರುವುದೂ ಹೀಗೇ ಕೆಲಸಕ್ಕೆ ಬರುತ್ತದೆ. √72 + √50 ಎಷ್ಟು? ಸುಮ್ನೆ √122 ಅಂತ ಬರೆದುಬಿಡುವವರು ಜಾಸ್ತಿ. √9 + √16 ಅಂದರೆ 7, √25 ಅಂದರೆ 5, ಅಲ್ವಾ? ಹಾಗಾಗಿ ಒಳಗಿನದನ್ನು ನೇರವಾಗಿ ಕೂಡುವಂತಿಲ್ಲ. 72 ಅಂದರೆ 36×2, 50 ಅಂದರೆ 25×2. 6√2 ಮತ್ತು 5√2 ಸೇರಿ 11√2.

ನನಗೆ ಇಷ್ಟವಾಗುವುದು ಛೇದದಲ್ಲಿ ಎರಡು ರೂಟ್ ಇರುವ ಲೆಕ್ಕ. 1/(√5 − √3) ತಗೊಳ್ಳಿ. √5ರಿಂದ ಗುಣಿಸಿದರೆ ಕೆಳಗೆ 5 − √15 ಬರುತ್ತದೆ, ರೂಟ್ ಹೋಗಲೇ ಇಲ್ಲ. ನಡುವಿನ ಚಿಹ್ನೆ ಮಾತ್ರ ಬದಲಿಸಿ √5 + √3ರಿಂದ ಗುಣಿಸಿ. ವರ್ಗಗಳ ವ್ಯತ್ಯಾಸದ ಸೂತ್ರದಿಂದ, ಅಂದರೆ (a − b)(a + b) = a² − b² ಇಂದ, ಕೆಳಗೆ 5 − 3, ಅಂದರೆ ಬರೀ 2. ಉತ್ತರ (√5 + √3)/2.

ಇದೇ ಉಪಾಯವನ್ನು ಉಲ್ಟಾ ಕೂಡ ಬಳಸುತ್ತಾರೆ, ಅದನ್ನು ಶಾಲೆಯಲ್ಲಿ ಯಾರೂ ಹೇಳುವುದಿಲ್ಲ. √10001 − √10000 ಬೇಕು, ನಿಮ್ಮ ಯಂತ್ರ ಆರು ಅಂಕಿ ಮಾತ್ರ ಹಿಡಿದಿಟ್ಟುಕೊಳ್ಳುತ್ತದೆ ಅಂದುಕೊಳ್ಳಿ. 100.005ರಲ್ಲಿ 100.000 ಕಳೆದರೆ 0.005, ಉಳಿದ ಅಂಕಿಗಳೆಲ್ಲ ಮಾಯ. ಮೇಲೆ ಕೆಳಗೆ √10001 + √10000ರಿಂದ ಗುಣಿಸಿದರೆ ಮೇಲೆ 10001 − 10000, ಅಂದರೆ 1 ಉಳಿಯುತ್ತದೆ. ಹಾಗೆ ಅದನ್ನೇ 1/(√10001 + √10000) ಅಂತ ಬರೆದುಕೊಂಡರೆ 1/200.005, ಅಂದರೆ 0.00499988. ಆರಕ್ಕೆ ಆರೂ ಅಂಕಿ ಸರಿ. ಒಂದಕ್ಕೊಂದು ತೀರಾ ಹತ್ತಿರ ಇರುವ ಸಂಖ್ಯೆಗಳನ್ನು ಕಳೆಯುವುದನ್ನು ತಪ್ಪಿಸಲು ಪ್ರೋಗ್ರಾಂ ಬರೆಯುವವರು ಬೇಕಂತಲೇ ರೂಟನ್ನು ಹೀಗೆ ಛೇದಕ್ಕೆ ಇಳಿಸುತ್ತಾರೆ.

ಹಾಗಂತ ಪರೀಕ್ಷೆಯಲ್ಲಿ ಈ ವಾದ ಬರೆದು ಬರಬೇಡಿ, ಮಾರ್ಕ್ಸ್ ಹೋಗುತ್ತದೆ.