ಐದು ಪರ್ಸೆಂಟ್ ಸಾಹುಕಾರನ ತೋಟದಲ್ಲಿ

ಪೋರ್ಚುಗಲ್‌ನ ಲಿಸ್ಬನ್‌ಗೆ ಹೋಗುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಗುಲ್ಬೆಂಕಿಯನ್ ಮ್ಯೂಸಿಯಂಗೆ ಮಂಗಳವಾರ ರಜೆ. 2023ರಲ್ಲಿ ನಾವು ಹೋದಾಗ ನಮ್ಮ ಹೋಟೆಲಿನ ಹುಡುಗ "ದಿನಾ ತೆಗೆದಿರುತ್ತೆ" ಅಂತ ನಗುನಗುತ್ತಾ ಕಳಿಸಿದ್ದ. ಅವನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.

ವಾಪಸ್ ಹೋಗುವ ಬದಲು ಮ್ಯೂಸಿಯಂನ ತೋಟಕ್ಕೆ ನುಗ್ಗಿದೆವು. ತೋಟಕ್ಕೆ ಟಿಕೆಟ್ ಇಲ್ಲ. ಅಲ್ಲಿ ಈಜಿಪ್ಟ್ ಶೈಲಿಯ ದೊಡ್ಡ ಗಿಡುಗದ ಶಿಲ್ಪದ ಮುಂದೆ ಕಲೌಸ್ಟ್ ಗುಲ್ಬೆಂಕಿಯನ್ ಕೂತಿರುವ ಪ್ರತಿಮೆಯಿದೆ. 1869ರಲ್ಲಿ ಇಸ್ತಾಂಬುಲ್‌ನಲ್ಲಿ ಹುಟ್ಟಿದ ಅರ್ಮೇನಿಯನ್. ಇರಾಕಿನ ಎಣ್ಣೆಯಲ್ಲಿ ತನ್ನ 5% ಪಾಲನ್ನು ಪಟ್ಟು ಹಿಡಿದು ಉಳಿಸಿಕೊಂಡು 'ಮಿಸ್ಟರ್ ಫೈವ್ ಪರ್ಸೆಂಟ್' ಅನ್ನಿಸಿಕೊಂಡ. ಯುದ್ಧದ ಕಾಲದಲ್ಲಿ, 1942ರಲ್ಲಿ, ಲಿಸ್ಬನ್‌ಗೆ ಬಂದ. 1955ರಲ್ಲಿ ಇಲ್ಲೇ ತೀರಿಕೊಂಡ. ಆಸ್ತಿಯ ಬಹುಪಾಲನ್ನು ತನ್ನ ಹೆಸರಿನ ಪ್ರತಿಷ್ಠಾನಕ್ಕೆ ಬರೆದಿಟ್ಟಿದ್ದ. ಎಣ್ಣೆ ದುಡ್ಡಿನ ದಾನ ಅಂದರೆ ನನಗೆ ಅಷ್ಟಕ್ಕಷ್ಟೆ.

ಬೆಂಚಿನ ಮೇಲಿದ್ದ ಅಜ್ಜರೊಬ್ಬರು ನಿಧಾನದ ಇಂಗ್ಲಿಷಿನಲ್ಲಿ ಮಾತಿಗೆಳೆದರು.

"ನಮ್ಮ ಹಳ್ಳಿಗೆ ಇವರ ವ್ಯಾನ್ ಬರುತ್ತಿತ್ತು."

"ಎಣ್ಣೆ ವ್ಯಾನಾ?"

"ಅಲ್ಲ, ಪುಸ್ತಕದ್ದು."

1958ರಲ್ಲಿ ಪ್ರತಿಷ್ಠಾನ ಸಂಚಾರಿ ಗ್ರಂಥಾಲಯ ಶುರು ಮಾಡಿತಂತೆ. ಸಿಟ್ರೊಯೆನ್ ವ್ಯಾನಿನೊಳಗೆ ಕಪಾಟುಗಳು. ಪುಸ್ತಕ ಒಯ್ಯಲು ದುಡ್ಡು ಕೊಡಬೇಕಿರಲಿಲ್ಲ. ಸಲಝಾರ್‌ನ ಸರ್ವಾಧಿಕಾರದ ದಿನಗಳು ಅವು. ಹಳ್ಳಿಗಳಲ್ಲಿ ಓದು ಬಾರದವರು ತುಂಬ. ಅಜ್ಜರ ಅಮ್ಮನಿಗೂ ಬರುತ್ತಿರಲಿಲ್ಲ.

"ನನಗೊಂದು, ಅಮ್ಮನಿಗೊಂದು ತರುತ್ತಿದ್ದೆ. ಅವಳದನ್ನೂ ನಾನೇ ಓದಿ ಹೇಳಬೇಕು. ಅವಳು ಬೀನ್ಸ್ ಬಿಡಿಸುತ್ತಾ ಕೇಳುವಳು."

"ಅಮ್ಮನಿಗೆ ಎಂಥ ಕಥೆ ಇಷ್ಟ?" ನನ್ನ ಹೆಂಡತಿ ಕೇಳಿದಳು.

"ಮದುವೆ ಮುರಿಯುವ ಕಥೆ. ಕೊನೆಗೆ ಗಂಡ ಹೆಂಡತಿ ಒಂದಾದರೆ 'ಇದು ಸುಳ್ಳು, ಬೇರೆ ತಗೊಂಡು ಬಾ' ಅನ್ನುತ್ತಿದ್ದಳು."

ಮೂವರೂ ಜೋರಾಗಿ ನಕ್ಕೆವು. ವ್ಯಾನುಗಳು 2002ರವರೆಗೂ ಓಡಿದವು ಎಂದರು. ಪ್ರತಿಮೆಯ ಕಡೆ ಗದ್ದ ತೋರಿಸಿ, "ಇವರು ನಮ್ಮೂರನ್ನು ಕಂಡೇ ಇರಲಿಲ್ಲ, ಆದರೂ ನಮ್ಮಮ್ಮ ಪೂಜೆಯ ದಿನ ಇವರ ಹೆಸರಲ್ಲಿ ಒಂದು ಮೇಣದಬತ್ತಿ ಹಚ್ಚುತ್ತಿದ್ದಳು" ಎಂದರು.

ಮರುದಿನ ಮ್ಯೂಸಿಯಂ ನೋಡಿದೆವು. ಫ್ರೆಂಚ್ ರಾಜವೈಭೋಗದ ಮೇಜು ಕುರ್ಚಿ ನನಗೆ ರುಚಿಸಲಿಲ್ಲ. ಸೋವಿಯತ್ ಸರ್ಕಾರ ತನ್ನ ಹರ್ಮಿಟೇಜ್ ಮ್ಯೂಸಿಯಂನಿಂದ ಮಾರಿದ ರೆಂಬ್ರಾಂಟ್ ಚಿತ್ರಗಳ ಮುಂದೆ ಮಾತ್ರ ತುಂಬ ಹೊತ್ತು ನಿಂತೆ. ಫ್ರೆಂಚ್ ಒಡವೆ ಕಲಾವಿದ ಲಾಲೀಕ್ ಮಾಡಿದ ಒಡವೆಯೊಂದಿದೆ, ಅರ್ಧ ಹೆಣ್ಣು, ಅರ್ಧ ಏರೋಪ್ಲೇನ್ ಚಿಟ್ಟೆ. ಗೇಣಿಗಿಂತ ಜಾಸ್ತಿ ಅಗಲ.

"ಇದನ್ನ ಹಾಕಿಕೊಂಡು ಪಂಕ್ತಿಯಲ್ಲಿ ಊಟಕ್ಕೆ ಕೂತರೆ ಬಗ್ಗೋಕಾಗಲ್ಲ" ಎಂದಳು ಹೆಂಡತಿ. "ಇದೊಂದನ್ನು ಮಾರಿದ್ದರೆ ಇನ್ನೆಷ್ಟು ವ್ಯಾನ್ ಬರುತ್ತಿತ್ತೋ!"

ನಾನು ಒಪ್ಪಲಿಲ್ಲ. ಊಟ ಮುಗಿಯುವವರೆಗೂ ಇದೇ ಜಗಳ.