ಎದೆಯೊಳಗಿನ ಅಪರೂಪದ ಗಡ್ಡೆಗೆ ಹೆಸರು ಹುಡುಕುವ ಕೆಲಸ

ಸಿಟಿ ಸ್ಕ್ಯಾನಿನಲ್ಲಿ ಗಡ್ಡೆ ಅಷ್ಟು ಸ್ಪಷ್ಟವಾಗಿ ಕಾಣುತ್ತಿರುವಾಗ ಮತ್ತೆ ಆಪರೇಷನ್ ಮಾಡಿ ತುಣುಕು ತೆಗೆಯುವುದೇಕೆ ಎಂದು ರೋಗಿಯ ಮನೆಯವರು ಕೇಳುತ್ತಾರೆ. ಆ ತುಣುಕುಗಳನ್ನು ಸೂಕ್ಷ್ಮದರ್ಶಕದಡಿ ನೋಡುವುದೇ ನನ್ನ ವೃತ್ತಿಯಾದ್ದರಿಂದ ಈ ಪ್ರಶ್ನೆಗೆ ವಿವರವಾಗಿ ಉತ್ತರಿಸಬೇಕೆನಿಸಿತು. ಗಡ್ಡೆ ಎಲ್ಲಿದೆ, ಎಷ್ಟು ದೊಡ್ಡದು, ಯಾವ ರಕ್ತನಾಳಕ್ಕೆ ತಾಗಿದೆ ಎಂಬುದನ್ನು ಸ್ಕ್ಯಾನ್ ಹೇಳುತ್ತದೆ; ಅದು ಯಾವ ಬಗೆಯದು ಎಂಬುದನ್ನು ಎಷ್ಟೋ ಬಾರಿ ಖಚಿತವಾಗಿ ಹೇಳಲಾರದು. ನಮ್ಮ ದೇಶದಲ್ಲಂತೂ ಎದೆಯೊಳಗೆ ದುಗ್ಧರಸ ಗ್ರಂಥಿ (ಲಿಂಫ್ ನೋಡ್) ಊದಿದ್ದರೂ ಶ್ವಾಸಕೋಶದ ಸುತ್ತ ನೀರು ತುಂಬಿದ್ದರೂ ಮೊದಲ ಅನುಮಾನ ಕ್ಷಯದ ಮೇಲೆಯೇ. ಅದು ಸಹಜ. ಆದರೆ ತುಣುಕಿನ ಪರೀಕ್ಷೆಯಿಲ್ಲದೆ ಟಿಬಿ ಮಾತ್ರೆ ಆರಂಭಿಸಿ, ತಿಂಗಳುಗಟ್ಟಲೆ ಕಾದು, ಕೊನೆಗೆ ಲಿಂಫೋಮಾ, ಅಂದರೆ ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್, ಎಂದು ತಿಳಿದುಬಂದವರನ್ನು ಕಂಡಾಗ ಬಹಳ ಸಂಕಟವಾಗುತ್ತದೆ.

ಸ್ವೀಡನ್ನಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಯಾಕೋಬೇಯಸ್ ಮೂತ್ರಕೋಶ ನೋಡಲು ಬಳಸುತ್ತಿದ್ದ ನಳಿಕೆಯನ್ನು ಎದೆಯೊಳಗೆ ಇಳಿಸಿ ನೋಡುವ ವಿಧಾನವನ್ನು 1910ರಲ್ಲಿ ಪ್ರಕಟಿಸಿದರು. 1990ರ ದಶಕದಲ್ಲಿ ವಿಡಿಯೊ ಕ್ಯಾಮೆರಾ ಜೊತೆಗೂಡಿ ಅದು ಇಂದಿನ ‘ವ್ಯಾಟ್ಸ್’ (ವಿಡಿಯೊ ನೆರವಿನ ಎದೆಯ ಶಸ್ತ್ರಚಿಕಿತ್ಸೆ) ಆಗಿ ಬೆಳೆಯಿತು. ರೋಗಿಯನ್ನು ಪಕ್ಕಕ್ಕೆ ಮಲಗಿಸಿ, ಒಂದು ಶ್ವಾಸಕೋಶಕ್ಕೆ ಮಾತ್ರ ಗಾಳಿ ಹೋಗುವಂತೆ ಮಾಡಿ, ಇನ್ನೊಂದು ಕುಗ್ಗಿದಾಗ ದೊರೆಯುವ ಜಾಗದಲ್ಲಿ ಪಕ್ಕೆಲುಬುಗಳ ನಡುವಿನ ಒಂದೆರಡು ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾವನ್ನೂ ಉಪಕರಣಗಳನ್ನೂ ಒಳಗಿಳಿಸುತ್ತಾರೆ. ಗಾಯ ಚಿಕ್ಕದು, ನೋವು ಕಡಿಮೆ ಎಂದು ಎಲ್ಲರೂ ಹೊಗಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು, ಕಣ್ಣಾರೆ ನೋಡಿ ಆರಿಸಿದ ಸಾಕಷ್ಟು ದೊಡ್ಡ ತುಣುಕು ಸಿಗುತ್ತದೆ ಎಂಬುದು.

ಮೀಸೋಥೀಲಿಯೋಮಾವನ್ನೇ ನೋಡಿ. ಕಲ್ನಾರಿನ (ಆಸ್ಬೆಸ್ಟಾಸ್) ಧೂಳು ಉಸಿರಿನೊಂದಿಗೆ ಒಳಹೋಗಿ ದಶಕಗಳು ಕಳೆದ ಮೇಲೆ ಶ್ವಾಸಕೋಶದ ಹೊದಿಕೆಯಲ್ಲಿ ಹುಟ್ಟುವ ಕ್ಯಾನ್ಸರ್ ಇದು. ಸೂಜಿಯಿಂದ ತೆಗೆದ ನೀರಿನಲ್ಲಿ ಇದರ ಜೀವಕೋಶಗಳು ತೇಲುತ್ತಿದ್ದರೂ, ಬರಿಯ ಉರಿಯೂತದಿಂದ ಕೆರಳಿದ ಸಾಮಾನ್ಯ ಕೋಶಗಳಿಂದ ಅವನ್ನು ಬೇರ್ಪಡಿಸುವುದು ಕಷ್ಟ. ಹೊದಿಕೆಯ ತುಣುಕನ್ನು ಕೊಬ್ಬಿನ ಪದರದವರೆಗೆ ಆಳವಾಗಿ ತೆಗೆದಿದ್ದರೆ, ಆ ಕೋಶಗಳು ಕೊಬ್ಬಿನೊಳಗೆ ನುಗ್ಗಿರುವುದು ಸ್ಲೈಡಿನಲ್ಲಿ ಕಾಣುತ್ತದೆ. ಅನುಮಾನ ಹೆಚ್ಚುಪಾಲು ಅಲ್ಲಿಗೇ ಮುಗಿಯುತ್ತದೆ. ಮೇಲ್ಮೈಯನ್ನಷ್ಟೇ ಕೆರೆದು ಕಳಿಸಿದರೆ ಇಷ್ಟೆಲ್ಲ ಮಾಡಿಯೂ ವರದಿ ಅರ್ಧಕ್ಕೇ ನಿಲ್ಲುತ್ತದೆ.

ಇನ್ನೊಂದು ಸಂಗತಿ ಆಪರೇಷನ್ ಕೋಣೆಯಲ್ಲೇ ನಿರ್ಧಾರವಾಗಬೇಕು. ತೆಗೆದ ತುಣುಕುಗಳನ್ನೆಲ್ಲ ಫಾರ್ಮಲಿನ್ ಬಾಟಲಿಗೆ ಹಾಕಿಬಿಟ್ಟರೆ ಕ್ಷಯದ ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಮಾಡಲಾಗದು, ಏಕೆಂದರೆ ಫಾರ್ಮಲಿನ್ ರೋಗಾಣುಗಳನ್ನು ಕೊಲ್ಲುತ್ತದೆ. ಒಂದು ಭಾಗ ಸಲೈನಿನಲ್ಲಿ ಬಂದರೆ ಕಲ್ಚರ್ ಸಾಧ್ಯ. ಲಿಂಫೋಮಾದ ಅನುಮಾನವಿದ್ದರೆ ಕೋಶಗಳ ಬಗೆಯನ್ನು ಗುರುತಿಸುವ ಫ್ಲೋ ಸೈಟೊಮೆಟ್ರಿ ಪರೀಕ್ಷೆಗೂ ತಾಜಾ ತುಣುಕೇ ಬೇಕು.

ಹಾಗೆಂದು ಕಂಡ ಗಡ್ಡೆಗೆಲ್ಲ ಚುಚ್ಚಬಾರದು. ಯುವಕನ ಎದೆಯ ಮುಂಭಾಗದಲ್ಲಿ ಗಡ್ಡೆಯಿದ್ದರೆ ಕೆಲವು ಬಗೆಯ ಗಡ್ಡೆಗಳು ರಕ್ತಕ್ಕೆ ಬಿಡುವ ಎಎಫ್‌ಪಿ ಮತ್ತು ಎಚ್‌ಸಿಜಿ ಎಂಬ ವಸ್ತುಗಳ ರಕ್ತಪರೀಕ್ಷೆ ಮೊದಲಾಗಬೇಕು. ಎದೆಮೂಳೆಯ ಹಿಂದಿನ ಥೈಮಸ್ ಗ್ರಂಥಿಯಲ್ಲಿ ಹುಟ್ಟುವ ಥೈಮೋಮಾ ಎಂಬ ಗಡ್ಡೆ ಸುತ್ತಲಿನ ಅಂಗಗಳಿಗೆ ಅಂಟದೆ, ಪೂರ್ತಿ ತೆಗೆಯುವಂತಿದ್ದು, ಸ್ಕ್ಯಾನಿನಲ್ಲೂ ಥೈಮೋಮಾದಂತೆಯೇ ಕಂಡರೆ, ಸಾಮಾನ್ಯವಾಗಿ ಬಯಾಪ್ಸಿ ಮಾಡದೆ ಹೊದಿಕೆ ಒಡೆಯದಂತೆ ಇಡಿಯಾಗಿ ಹೊರತೆಗೆಯುತ್ತಾರೆ. ಒಡೆದರೆ ಅದರ ಕೋಶಗಳು ಎದೆಯೊಳಗೆ ಹರಡುವ ಭಯವಿದೆ. ಇಂಥ ರೋಗಿಗೆ ಸಂಜೆಯ ಹೊತ್ತಿಗೆ ರೆಪ್ಪೆ ಜೋಲುವುದು, ಅಗಿಯುವಾಗ ದವಡೆ ಸೋಲುವುದು ಇದೆಯೇ ಎಂದು ಕೇಳಲೇಬೇಕು. ಅದು ಥೈಮೋಮಾ ಜೊತೆ ಕಾಣಿಸಿಕೊಳ್ಳಬಲ್ಲ, ಸ್ನಾಯುಗಳು ಬೇಗ ಸೋಲುವ ಮಯಸ್ತೇನಿಯಾ ಗ್ರೇವಿಸ್ ರೋಗವಾಗಿದ್ದರೆ ಆಪರೇಷನ್ ಬಳಿಕ ಉಸಿರಾಟದ ಸ್ನಾಯುಗಳೂ ಸೋಲಬಹುದು. ಅರಿವಳಿಕೆ ತಜ್ಞರಿಗೆ ಮೊದಲೇ ಗೊತ್ತಿದ್ದರೆ ಅದಕ್ಕೆ ತಕ್ಕ ಸಿದ್ಧತೆ ಮಾಡಿಕೊಳ್ಳುತ್ತಾರೆ.